ಸಾಣೆಕಲ್ಲಿನ ಗುಳಿ

ಕಿವಿಯ ಹಿಂದೆ ಮಿಷಿನ್ನು ಮತ್ತೆ ಕಚ್ಚಿತು. ನಿಂಗಯ್ಯ ಕೂತಲ್ಲೇ ಭುಜ ಮೇಲೆತ್ತಿ ಕತ್ತನ್ನು ಒಳಗೆಳೆದುಕೊಂಡ. ಹುಚ್ಚೀರಯ್ಯ ಹಿಡಿ ಸಡಿಲಿಸಿ, ಅಲಗುಗಳ ನಡುವೆ ಸಿಕ್ಕಿಕೊಂಡಿದ್ದ ನಾಲ್ಕು ಕೂದಲನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದ.

“ಲೇ ಉಚ್ಚೀರ, ನೀನು ಕೂದ್ಲು ಕತ್ತರುಸ್ತಾ ಇದ್ದೀಯೋ, ಕೋಳಿ ಪುಕ್ಕ ಕೀಳ್ತಾ ಇದ್ದೀಯೋ?”

“ಸುಮ್ಕೆ ಕುಂತ್ಕೊ. ಅಲ್ಲಾಡುದ್ರೆ ಇನ್ನೂ ಕಚ್ತದೆ.”

“ನಾನೆಲ್ಲಿ ಅಲ್ಲಾಡ್ದೆ? ಅಲ್ಲಾಡಾದು ನಿನ್ ಕೈ.”

ಹೊಂಗೆಮರದ ಬೇರಿನ ಮೇಲೆ ಸರದಿ ಕಾಯುತ್ತ ಕೂತಿದ್ದ ಮೂವರು ನಕ್ಕರು. ಹುಚ್ಚೀರಯ್ಯನೂ ನಕ್ಕ. ನಿಂಗಯ್ಯನೂ ಅವನೂ ಕಿರುಗಾವಲಿನಲ್ಲಿ ಒಂದೇ ವರ್ಷ ಹುಟ್ಟಿದವರು. ನಿಂಗಯ್ಯ ಏನೆಂದರೂ ನಡೆಯುತ್ತಿತ್ತು. ಆದರೆ ತಲೆ ಮುಗಿದು ನಿಂಗಯ್ಯ ಎದ್ದು ಪಂಚೆ ಕೊಡವಿಕೊಳ್ಳುವಷ್ಟರಲ್ಲಿ ಕಾಯುತ್ತಿದ್ದ ಮೂವರಲ್ಲಿ ಇಬ್ಬರು ಗದ್ದೆಯ ಕೆಲಸ ನೆನಪಾಗಿ ಹೊರಟುಹೋದರು. ಮೂರನೆಯವನು ಸ್ವಲ್ಪ ಹೊತ್ತು ನಿಂತಿದ್ದು, ಬೀಡಿ ಮುಗಿಸಿ ಹೋದ.

ಹುಚ್ಚೀರಯ್ಯನ ಬಲಗೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು. ಚಳಿಜ್ವರ ಬಂದು ಹೋಯಿತು, ನಡುಕ ಮಾತ್ರ ಉಳಿಯಿತು. ಆ ವರ್ಷವೇ ಒಂದು ಬೆಳಿಗ್ಗೆ ಊರಿನ ಯಜಮಾನ ರಾಮಲಿಂಗಯ್ಯನವರ ಗಡ್ಡ ಕೆರೆಯುವಾಗ ಕತ್ತಿ ಜಾರಿ ಅವರ ಕಿವಿಯ ತುದಿ ಸೀಳಿತು. ಅವರು ಕೂಗಾಡಲಿಲ್ಲ. ಟವೆಲನ್ನು ಕಿವಿಗೆ ಒತ್ತಿಕೊಂಡು ಎದ್ದು ಹೋದರು. ಅದಾದ ಮೇಲೆ ಕಿರುಗಾವಲಿನಲ್ಲಿ ಯಾರೂ ಹುಚ್ಚೀರಯ್ಯನ ಕತ್ತಿಯ ಕೆಳಗೆ ಗಂಟಲು ಒಡ್ಡಲಿಲ್ಲ.

ಆಗ ಅವನನ್ನು ಉಳಿಸಿದ್ದು ಈ ಮಿಷಿನ್ನು. ಬೆಂಗಳೂರಿನ ದಂಡಿನ ಕಡೆ ಕ್ಷೌರದಂಗಡಿಯಲ್ಲಿದ್ದ ಅಳಿಯ ಕರಿಸಿದ್ದಯ್ಯ ತಂದುಕೊಟ್ಟದ್ದು. ಎರಡು ಹಿಡಿ, ಅವುಗಳ ತುದಿಯಲ್ಲಿ ಬಾಚಣಿಗೆಯ ಹಾಗೆ ಹಲ್ಲಿರುವ ಎರಡು ಉಕ್ಕಿನ ಅಲಗು, ಒಂದರ ಮೇಲೊಂದು. ಹಿಡಿ ಅದುಮಿದರೆ ಮೇಲಿನ ಅಲಗು ಅತ್ತಿತ್ತ ಸರಿದು ಕೂದಲು ಕತ್ತರಿಸುತ್ತದೆ. ಕೈ ನಡುಗಿದರೂ ಅಲಗು ತಲೆಯ ಮೇಲೆ ಒರಗಿಕೊಂಡೇ ಇರುವುದರಿಂದ ಚರ್ಮಕ್ಕೆ ಅಪಾಯವಿಲ್ಲ. ಅದರಲ್ಲೂ ಇದು ಸೊನ್ನೆ ನಂಬರಿನದು, ಹಲ್ಲು ಸಣ್ಣ. ತಲೆಗೂ ಆಗುತ್ತಿತ್ತು, ಗಡ್ಡವನ್ನೂ ಬುಡದ ತನಕ ಇಳಿಸುತ್ತಿತ್ತು. ಮೊದಮೊದಲು ಜನ ಮೂಗು ಮುರಿದರು. ಆಮೇಲೆ, ಪಟ್ಟಣದವರ ಹಾಗೆ ಕ್ರಾಪು ಆಗುತ್ತದೆಂದು ಖುಷಿಯಾದರು. “ನಿನ್ ಕೈ ನಡುಗಾದೂ ಒಳ್ಳೇದೇ ಆಯ್ತು ಕಣ್ಲಾ, ಅರ್ಧ ಕೆಲ್ಸ ಅದೇ ಮಾಡ್ತದೆ” ಎಂದು ನಿಂಗಯ್ಯ ಹೇಳಿದ್ದು ಊರೆಲ್ಲ ಓಡಾಡಿತ್ತು.

ಈಗ ಆ ಮಿಷಿನ್ನೇ ಕಚ್ಚುತ್ತಿತ್ತು. ಸಂಕ್ರಾಂತಿಯಾದ ಮೇಲೆ ಶುರುವಾದದ್ದು ವಾರದಿಂದ ವಾರಕ್ಕೆ ಜಾಸ್ತಿಯಾಯಿತು. ಹೊಸ ಅಲಗು ಕಳಿಸೆಂದು ಅಳಿಯನಿಗೆ ಕಾಗದ ಬರೆಸಿದ. ಅವು ಸಮುದ್ರದಾಚೆಯಿಂದ ಬರಬೇಕು, ಯುದ್ಧ ಮುಗಿಯುವ ತನಕ ಬರುವುದಿಲ್ಲ ಎಂದು ಉತ್ತರ ಬಂತು.

ಯುಗಾದಿಗೆ ಹನ್ನೆರಡು ದಿನವಿದೆ ಎನ್ನುವಾಗ ರಾಮಲಿಂಗಯ್ಯನವರು ಹೊಂಗೆಮರದ ಹತ್ತಿರ ಬಂದರು. ನಿಂತೇ ಮಾತಾಡಿದರು.

“ಉಚ್ಚೀರ, ಅಬ್ಬಕ್ಕೆ ಊರೆಲ್ಲ ತಲೆ ಮಾಡುಸ್ಕೋಬೇಕು. ಮಳವಳ್ಳಿ ಚೌಡಯ್ಯನ್ನ ಕರ್ಸಾನ ಅಂತ ಮಾತಾಗದೆ.”

“ನಾನಿದ್ದೀನಲ್ಲ ಬುದ್ಧಿ.”

“ನೀನಿದ್ದೀಯ. ನಿನ್ ಮಿಸಿನ್ನು?”

ಹುಚ್ಚೀರಯ್ಯ ಕೈಯಲ್ಲಿದ್ದ ಮಿಷಿನ್ನನ್ನು ನೋಡಿಕೊಂಡ. ಚೌಡಯ್ಯ ಒಮ್ಮೆ ಹಬ್ಬಕ್ಕೆಂದು ಬಂದರೆ, ಆಮೇಲೆ ಮದುವೆಗೆ ಬರುತ್ತಾನೆ, ಸೂತಕಕ್ಕೆ ಬರುತ್ತಾನೆ, ಸುಗ್ಗಿಯಲ್ಲಿ ಪಾಲಿನ ಧಾನ್ಯಕ್ಕೆಂದು ಕಣಕ್ಕೂ ಬರುತ್ತಾನೆ. ಊರು ಕೈ ತಪ್ಪುವುದು ಹಾಗೆಯೇ. ಹುಚ್ಚೀರಯ್ಯನ ತಾತ ಈ ಊರಿಗೆ ಬಂದದ್ದೂ ಹಾಗೆಯೇ.

ರಾಮಲಿಂಗಯ್ಯನವರು ಅವನ ಮುಖ ನೋಡಿ, “ಅಬ್ಬಕ್ಕೆ ಮೂರು ದಿನ ಮುಂಚೆ ನಾನೇ ಬಂದು ಕುಂತ್ಕೋತೀನಿ. ಕಚ್ಚುದ್ರೆ ಎದ್ದೋಗಿ ಮಳವಳ್ಳಿಗೆ ಏಳ್ಕಳುಸ್ತೀನಿ. ಆಮೇಲೆ ನನ್ನ ಬೈಕೋಬ್ಯಾಡ” ಎಂದರು. ಹೋಗುವಾಗ ಅವರ ಕೈ ತಾನಾಗಿಯೇ ಕಿವಿಯ ತುದಿ ಮುಟ್ಟಿಕೊಂಡಿತು.

ಹಾಗೆಂದು ಹುಚ್ಚೀರಯ್ಯ ಮಿಷಿನ್ನನ್ನು ನಿರ್ಲಕ್ಷ್ಯ ಮಾಡಿದವನಲ್ಲ. ಪ್ರತಿ ತಲೆಗೂ ಹಲ್ಲಿನ ಸಂದಿಯ ಕೂದಲನ್ನು ಜಜ್ಜಿದ ಬೇವಿನ ಕಡ್ಡಿಯಿಂದ ತಿಕ್ಕಿ ತೆಗೆಯುತ್ತಿದ್ದ. ಸೀಮೆಎಣ್ಣೆ ಕಾರ್ಡಿನ ಲೆಕ್ಕಕ್ಕೆ ಬಂದಿದ್ದ ಆ ದಿನಗಳಲ್ಲೂ ವಾರಕ್ಕೊಮ್ಮೆ ಬುಡ್ಡಿಯಿಂದ ಎರಡು ಚಮಚ ಬಗ್ಗಿಸಿ ಅಲಗು ತೊಳೆಯುತ್ತಿದ್ದ. ಹರಳೆಣ್ಣೆ ಅಂಟಾಗುತ್ತದೆಂದು, ದರ್ಜಿಯ ಹತ್ತಿರ ಹೊಲಿಗೆ ಮಿಷಿನ್ನಿನ ಎಣ್ಣೆಯನ್ನು ಕೇಳಿ ತಂದು ಒಂದೊಂದೇ ತೊಟ್ಟು ಹಾಕುತ್ತಿದ್ದ. ಕಚ್ಚಲು ಶುರುವಾದ ಮೇಲಂತೂ ದಿನಾ ಬೆಳಿಗ್ಗೆ ತಿರುಪು ಬಿಚ್ಚಿ, ಎರಡು ಅಲಗನ್ನೂ ಸಾಣೆಕಲ್ಲಿನ ಮೇಲೆ ಮಸೆಯುತ್ತಿದ್ದ. ಮಸೆದಷ್ಟೂ ಅದು ಜಾಸ್ತಿ ಕಚ್ಚುತ್ತಿತ್ತು. ಅದು ಜಾಸ್ತಿ ಕಚ್ಚಿದಷ್ಟೂ ಅವನು ಇನ್ನೂ ಹೆಚ್ಚು ಹೊತ್ತು ಮಸೆಯುತ್ತಿದ್ದ.

ಆ ಕಲ್ಲು ಅವನ ತಾತನದು. ಒಂದು ಗೇಣುದ್ದ, ಮೂರು ಬೆರಳಗಲ, ಮಳೆಗೆ ಮುಂಚಿನ ಮೋಡದ ಬಣ್ಣ. ತಾತ ಮಸೆದು, ಅಪ್ಪ ಮಸೆದು, ಅವನೂ ಮಸೆದು, ನಡುವೆ ತೊಟ್ಟಿಲ ಹಾಗೆ ತಗ್ಗಾಗಿತ್ತು. ಮಿಷಿನ್ನಿನ ಕೆಲಸ ಮುಗಿದ ಮೇಲೆ ಅವನು ಕ್ಷೌರದ ಸಾಮಾನು ಇಡುವ ಹಡಪದ ಚೀಲದಿಂದ ಅಪ್ಪನ ಕತ್ತಿಯನ್ನೂ ತೆಗೆದು ಆ ಕಲ್ಲಿನ ಮೇಲೆ ಆಡಿಸುತ್ತಿದ್ದ. ಎರಡು ವರ್ಷದಿಂದ ಯಾರ ಗಡ್ಡಕ್ಕೂ ತಾಗದ ಕತ್ತಿ ಅದು, ಮೊಂಡಾಗುವುದಕ್ಕೆ ಕಾರಣವೇ ಇರಲಿಲ್ಲ. ಆದರೂ ದಿನಾ ಮಸೆಯುತ್ತಿದ್ದ. ಯಾಕೆಂದರೆ ಕತ್ತಿ ಆ ಗುಳಿಯಲ್ಲಿ ಇಳಿದು ಏರುವಷ್ಟು ಹೊತ್ತು ಅವನ ಕೈ ನಡುಗುತ್ತಿರಲಿಲ್ಲ. ಮಣಿಕಟ್ಟಿಗೆ ಆ ದಾರಿ ಗೊತ್ತಿತ್ತು. ಈ ವಿಷಯವನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಚಿಕ್ಕನಂಜಮ್ಮ ಒಲೆಯ ಮುಂದಿನಿಂದ ನೋಡಿದ್ದಳು, ಅವಳೂ ಹೇಳಿರಲಿಲ್ಲ.

ರಾಮಲಿಂಗಯ್ಯನವರು ಹೇಳಿಹೋದ ಮಾರನೆಯ ದಿನ ಹುಚ್ಚೀರಯ್ಯ ಮಳವಳ್ಳಿಗೆ ಹೋದ. ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ದಿಣ್ಣೆ ಸಿಕ್ಕಲ್ಲೆಲ್ಲ ನಿಂತು, ಜನರನ್ನು ಇಳಿಸಿ, ತಳ್ಳಿಸಿಕೊಂಡು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು.

ಚೌಡಯ್ಯ ಅವನ ಚಿಕ್ಕಪ್ಪನ ಮಗ, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವನು. ಬಸ್ಸು ನಿಲ್ಲುವ ಜಾಗದ ಎದುರಿಗೆ ಅಂಗಡಿ, ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ. ಅಣ್ಣನನ್ನು ನೋಡಿ, ಕುರ್ಚಿಯಲ್ಲಿದ್ದವನ ಮುಖಕ್ಕೆ ಸೋಪು ಹಚ್ಚಿ ಅಲ್ಲಿಯೇ ಬಿಟ್ಟು ಬಂದ.

“ಬಾ ಉಚ್ಚೀರಣ್ಣ. ಕುರ್ಚಿ ಮ್ಯಾಲೆ ಕುಂತ್ಕೊ.”

“ಕುರ್ಚಿ ಬ್ಯಾಡ. ನಿನ್ ಗಿರಾಕಿದು.”

“ನಿನ್ನ ಊರಿನವ್ರು ನನ್ನ ಕರ್ಸ್ತಾರಂತೆ.” ಚೌಡಯ್ಯ ತಾನೇ ಮಾತು ತೆಗೆದ. “ನಾನೇನು ಕೇಳ್ಕಂಡಿಲ್ಲ ಕಣಣ್ಣ. ಅವ್ರು ಕರುದ್ರೆ ಬರಲ್ಲ ಅಂತ್ಲೂ ಏಳಕ್ಕಾಗಲ್ಲ.”

“ಅದುಕ್ಕೆ ಬಂದಿಲ್ಲ ಬುಡು. ಅಲಗು ಒಂದ್ ಜೊತೆ ಇದ್ರೆ ಕೊಡು.”

ಚೌಡಯ್ಯ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟ. ಅದರ ತುಂಬ ಮುರಿದ, ಸವೆದ, ತುಕ್ಕು ಹಿಡಿದ ಅಲಗು. ಹುಚ್ಚೀರಯ್ಯ ಹಲ್ಲೆಣಿಸಿ, ಅಗಲ ನೋಡಿ, ತನ್ನದಕ್ಕೆ ಹೊಂದುವಂಥ ಮೇಲಿನ ಅಲಗು ಎರಡನ್ನು ಆರಿಸಿದ. ಒಂದೊಂದನ್ನೂ ತಿರುಪು ಹಾಕಿ ಕೂರಿಸಿ, ತನ್ನ ಮುಂಗೈಯ ರೋಮದ ಮೇಲೆ ಓಡಿಸಿ ನೋಡಿದ. ಮೊದಲನೆಯದು ಅರ್ಧ ಕತ್ತರಿಸಿ ನಿಂತಿತು. ಎರಡನೆಯದು ಚರ್ಮವನ್ನೇ ಹಿಡಿಯಿತು.

“ಅದು ಕೂಡಲ್ಲ ಕಣಣ್ಣ” ಎಂದ ಚೌಡಯ್ಯ. “ಮೇಲ್ಗಡೇದು ಕೆಳಗಡೇದು ಒಂದುಕ್ಕೊಂದು ಉಜ್ಜಿ ಉಜ್ಜಿ ಒಂದಾಗಿರ್ತವೆ. ಎಲ್ಲೋ ಇದ್ದಿದ್ದ ತಂದು ಕಟ್ಟುದ್ರೆ ಬಾಳ್ವೆ ಮಾಡಲ್ಲ. ನಿಂದೇ ಜೊತೆ ಕೊಡು ಇಲ್ಲಿ.”

ಸೋಪು ಹಚ್ಚಿಕೊಂಡಿದ್ದವನು ಕನ್ನಡಿಯಲ್ಲೇ, “ನನ್ದೂ ಒಸಿ ನೋಡಪ್ಪ, ಒಣಗೋಯ್ತದೆ” ಎಂದ.

“ಒಣಗುದ್ರೆ ಮತ್ತೆ ಅಚ್ತೀನಿ. ಪುಕ್ಸಟ್ಟೆ.”

ಚೌಡಯ್ಯ ಹುಚ್ಚೀರಯ್ಯನ ಎರಡು ಅಲಗನ್ನೂ ಪಂಚೆಯ ಚುಂಗಿನಲ್ಲಿ ಒರೆಸಿ, ಮುಖಕ್ಕೆ ಮುಖ ಹೊಂದಿಸಿ, ಬಾಗಿಲಿನ ಬೆಳಕಿಗೆ ಎತ್ತಿ ಹಿಡಿದ. ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಹಾಗೆಯೇ ಅಣ್ಣನ ಕಣ್ಣಿನ ಮುಂದೆ ಹಿಡಿದ.

“ಏನ್ ಕಾಣ್ತದೆ?”

ಎರಡು ಅಲಗಿನ ನಡುವೆ, ಮಧ್ಯದಲ್ಲಿ ಕಪ್ಪು. ಆ ತುದಿಗೊಂದು ಈ ತುದಿಗೊಂದು ಕೂದಲೆಳೆಯಷ್ಟು ಬೆಳಕು.

“ತುದೀಲಿ ಬೆಳಕು ಬತ್ತದೆ.”

“ಅಲ್ಲೇ ಕಚ್ಚಾದು. ನಡೂಕೆ ಮಾತ್ರ ಕೂಡ್ತವೆ, ತುದೀಲಿ ಕೂದ್ಲು ಒಳುಕ್ಕೋಗಿ ಮಡಚ್ಕತದೆ. ಅಲಗು ನಡೂಕೆ ಒಟ್ಟೆ ಉಬ್ದಂಗಾಗದೆ ಕಣಣ್ಣ. ಚಪ್ಪಟೆ ಇರ್ಬೇಕು, ನೀರಿನಂಗೆ.” ಚೌಡಯ್ಯ ಅಲಗನ್ನು ಕೆಳಗಿಟ್ಟ. “ಯಾವ ಕಲ್ಮ್ಯಾಲೆ ಮಸ್ದೆ?”

ಹುಚ್ಚೀರಯ್ಯ ಅಲಗುಗಳನ್ನು ಎತ್ತಿಕೊಂಡು ಟವೆಲಿನಲ್ಲಿ ಒರೆಸತೊಡಗಿದ.

ಚೌಡಯ್ಯನಿಗೆ ಯಾವ ಕಲ್ಲೆಂದು ಗೊತ್ತಾಯಿತು. ಆ ಕಲ್ಲಿಗಾಗಿ ಅವನ ಅಪ್ಪ ಒಂದು ಕಾಲದಲ್ಲಿ ತನ್ನ ಅಣ್ಣನಾದ ಹುಚ್ಚೀರಯ್ಯನ ಅಪ್ಪನೊಂದಿಗೆ ಮಾತು ಬಿಟ್ಟಿದ್ದ. ಹಿರಿಮಗನಿಗೆಂದು ಕಲ್ಲು ಕಿರುಗಾವಲಿನಲ್ಲಿ ಉಳಿಯಿತು. ಚೌಡಯ್ಯನ ಅಪ್ಪ ಮೈಸೂರಿನಿಂದ ಕೊಂಡು ತಂದ ಕಂದು ಬಣ್ಣದ ಕಲ್ಲು ಈಗಲೂ ಕನ್ನಡಿಯ ಕೆಳಗಿತ್ತು. ಅದನ್ನು ಅವನು ತಿಂಗಳಿಗೊಮ್ಮೆ ಉಜ್ಜಿ ಮಟ್ಟ ಮಾಡುತ್ತಿದ್ದ.

“ತಾತನ್ ಕಲ್ಲು ಕತ್ತಿಗೆ ಸರಿ” ಎಂದ ಚೌಡಯ್ಯ. “ಕತ್ತಿಗೆ ಅಂಥದ್ದು ಇನ್ನೊಂದಿಲ್ಲ. ಮಿಸಿನ್ಗೆ ಆಗಲ್ಲ. ಈಗ ನನ್ ಕಲ್ಮ್ಯಾಲೆ ಉಜ್ಜಿ ಕೊಡ್ತೀನಿ ಅಂದ್ಕೊ. ಇವತ್ತಿಗಾಯ್ತು. ನಾಳೀಕೆ ಓಗಿ ನೀನು ಮತ್ತೆ ಅದ್ರ ಮ್ಯಾಲೇ ಇಕ್ತೀಯ.”

“ನಿಂದಂಥ ಕಲ್ಲು ಎಲ್ಲಿ ಸಿಗ್ತದೆ?”

“ಸಿಗಾದಿಲ್ಲ. ಅದೂ ಸಮುದ್ರದ ಆ ಕಡೇದೇ.” ಚೌಡಯ್ಯ ಕತ್ತಿ ಕೈಗೆತ್ತಿಕೊಂಡು ಗಿರಾಕಿಯ ಹತ್ತಿರ ಹೋದ. ಬೆನ್ನು ತಿರುಗಿಸಿಕೊಂಡೇ, “ಊಟ ಮಾಡ್ಕಂಡೋಗು, ನಮ್ಮನೇವ್ಳು ಉಪ್ಸಾರು ಮಾಡವ್ಳೆ” ಎಂದ.

ಹುಚ್ಚೀರಯ್ಯ ಊಟ ಮಾಡಿಕೊಂಡು ಹೊರಟ.

ಮನೆಗೆ ಬಂದವನು ಕಲ್ಲನ್ನು ಜಗಲಿಯ ಮೇಲಿಟ್ಟು ಅದರ ಮುಂದೆ ಕೂತ. ಚಿಕ್ಕನಂಜಮ್ಮ ಒಂದು ಚೊಂಬು ನೀರು ತಂದು, ಕುಡಿಯಲಿಕ್ಕೆಂದು ಕೊಟ್ಟಳು. ಅವನು ಅರ್ಧ ಕುಡಿದು, ಉಳಿದದ್ದನ್ನು ಕಲ್ಲಿನ ಮೇಲೆ ಹೊಯ್ದ. ನೀರು ಎರಡೂ ತುದಿಯಿಂದ ಹರಿದು ಬಂದು ಗುಳಿಯಲ್ಲಿ ನಿಂತಿತು, ಬೊಗಸೆಯಲ್ಲಿ ನಿಲ್ಲುವ ಹಾಗೆ.

“ಚೌಡ ಏನಂದ?” ಎಂದು ಕೇಳಿದಳು.

“ಇದುನ್ನ ಮಟ್ಟ ಮಾಡ್ಬೇಕಂತೆ. ಈ ಗುಳಿ ಓಗ್ಬೇಕು.”

“ಅಂಗಂದ್ನಾ?”

“ಅವ್ನು ಅನ್ಲಿಲ್ಲ. ನಂಗೆ ಗೊತ್ತಾಯ್ತು.”

ಚಿಕ್ಕನಂಜಮ್ಮ ಬಾಗಿಲ ಕಂಬಕ್ಕೆ ಒರಗಿ ಕೂತಳು. ಗುಳಿಯಲ್ಲಿ ನಿಂತ ನೀರಿಗೆ ಒಂದು ಇರುವೆ ಬಂದು, ಅಂಚಿನಲ್ಲಿ ನಿಂತು, ಹಿಂದಕ್ಕೆ ಹೋಯಿತು.

“ನಿಂಗೆ ಕತ್ತಿ ಬೇಕೋ, ಊರು ಬೇಕೋ?” ಎಂದಳು.

“ಕತ್ತಿ ಎಲ್ಲಿ ಇಡ್ದಿದ್ದೀನಿ ಕಣಮ್ಮಿ ನಾನು, ಎರಡು ವರ್ಸ ಆಯ್ತು.”

“ದಿನಾ ಬೆಳಿಗ್ಗೆ ಇಡ್ಕತೀಯಲ್ಲ.”

ಅವನು ಅವಳ ಕಡೆ ನೋಡಿದ. ಅವಳು ನೋಡಿದ್ದು ಕಲ್ಲನ್ನು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ಮುದ್ದೆ ತೊಳಸ್ಬೇಕು” ಎಂದು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಹುಚ್ಚೀರಯ್ಯ ಕಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು ಮಟ್ಟವಾದ ಜಾಗ ಹುಡುಕಿ ಹೊರಟ. ಕಲ್ಲನ್ನು ಮಟ್ಟ ಮಾಡಬೇಕಾದರೆ ಅದಕ್ಕಿಂತ ದೊಡ್ಡದಾದ, ಮಟ್ಟವಾದ ಕಲ್ಲಿನ ಮೇಲೆ ಮರಳು ನೀರು ಹಾಕಿ ಉಜ್ಜಬೇಕು. ಕಷ್ಟದ ಕೆಲಸವಲ್ಲ ಅಂದುಕೊಂಡಿದ್ದ. ಬಾವಿಯ ಕಟ್ಟೆಯ ಮೇಲೆ ಅಂಗೈಯಾಡಿಸಿದ, ಅದು ಕೊಡ ಇಟ್ಟು ಇಟ್ಟು ತಗ್ಗಾಗಿತ್ತು. ಬಟ್ಟೆ ಒಗೆಯುವ ಕಲ್ಲು ನಡುವೆ ಸವೆದಿತ್ತು. ಗುಡಿಯ ಮೆಟ್ಟಿಲು ಕಾಲು ತಾಗುವ ಕಡೆ ಸವೆದಿತ್ತು. ರಾಮಲಿಂಗಯ್ಯನವರ ಮನೆಯ ಜಗಲಿಯ ಚಪ್ಪಡಿ, ಅವರ ಅಪ್ಪ ಕೂರುತ್ತಿದ್ದ ಜಾಗದಲ್ಲಿ ನುಣುಪಾಗಿ ಕೆಳಗಿಳಿದಿತ್ತು. ಅರವತ್ತು ವರ್ಷದಿಂದ ಈ ಊರಿನಲ್ಲಿ ಓಡಾಡಿದ್ದರೂ ಇಷ್ಟು ದಿನ ಇದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಕಡೆಗೆ ಊರಾಚೆ, ಹೊಸದಾಗಿ ಕಟ್ಟುತ್ತಿದ್ದ ಸ್ಕೂಲಿನ ಹತ್ತಿರ ಬಂದ. ಗೋಡೆ ಸೊಂಟದಷ್ಟು ಎದ್ದಿತ್ತು. ಬಾಗಿಲಿನ ಹೊಸ್ತಿಲಿಗೆಂದು ತಂದ ಚಪ್ಪಡಿಯೊಂದನ್ನು ಕಲ್ಲುಕೆಲಸದ ಕೆಂಪಸಿದ್ದಯ್ಯ ಅಂದಷ್ಟೇ ಕೆತ್ತಿ ನಯ ಮಾಡಿ ಮುಗಿಸಿ, ಬೇವಿನ ಮರದ ಕೆಳಗೆ ಮಲಗಿಸಿದ್ದ. ಅದರ ಮೇಲೆ ಇನ್ನೂ ಯಾರ ಕಾಲೂ ಬಿದ್ದಿರಲಿಲ್ಲ.

“ಇದು ಮಟ್ಟ ಅದಾ?” ಎಂದು ಹುಚ್ಚೀರಯ್ಯ ಕೇಳಿದ.

ಕೆಂಪಸಿದ್ದಯ್ಯನಿಗೆ ಸ್ವಲ್ಪ ಸಿಟ್ಟು ಬಂತು. ಮಟ್ಟಗೋಲು ತಂದು ಚಪ್ಪಡಿಯ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಮೂಲೆಯಿಂದ ಮೂಲೆಗೊಮ್ಮೆ ಇಟ್ಟು ತೋರಿಸಿದ. “ಎಲ್ಲಾದ್ರೂ ಬೆಳಕು ಕಾಣ್ತದಾ ನೋಡು. ಕಂಡ್ರೆ ನನ್ ತಲೆ ಬೋಳಿಸ್ಬುಡು.”

“ಬೋಳ್ಸಕ್ಕಾಗಲ್ಲ. ಮಿಸಿನ್ ಓಡುಸ್ಬೌದು ಅಷ್ಟೇ.”

ಕೆಂಪಸಿದ್ದಯ್ಯ ನಕ್ಕು, ಕಾಲುವೆಯ ಮರಳನ್ನು ತಾನೇ ಬಟ್ಟೆಯಲ್ಲಿ ಸೋಸಿ ಕೊಟ್ಟ. ಟವೆಲು ಬಿಚ್ಚಿದಾಗ ಕಂಡ ಗುಳಿಯ ಮೇಲೂ ಮಟ್ಟಗೋಲು ಇಟ್ಟು ನೋಡಿದ. ಅದರ ಕೆಳಗೆ ಅವನ ಕಿರುಬೆರಳು ಆರಾಮಾಗಿ ಹೋಯಿತು. “ಎಷ್ಟು ವರ್ಸದ್ದು?” ಎಂದು ಕೇಳಿದ. ಹುಚ್ಚೀರಯ್ಯ ತನಗೆ ತಿಳಿಯದು ಎಂದ.

ಚಪ್ಪಡಿಗೆ ನೀರು ಚಿಮುಕಿಸಿ, ಮರಳು ಉದುರಿಸಿದ. ಕಲ್ಲನ್ನು ಬೋರಲು ಹಾಕುವ ಮುಂಚೆ ಹಡಪದಿಂದ ಅಪ್ಪನ ಕತ್ತಿ ತೆಗೆದ. ಗುಳಿಗೆ ಎರಡು ಹನಿ ನೀರು ಬಿಟ್ಟು ಕತ್ತಿಯನ್ನು ಇಳಿಸಿದ. ಅದು ತಗ್ಗಿಗೆ ಜಾರಿ, ಆ ಕಡೆಯ ಏರು ಹತ್ತಿ, ತಿರುಗಿ, ಮತ್ತೆ ಜಾರಿತು. ಕೈ ನಡುಗಲಿಲ್ಲ. ಕೆಂಪಸಿದ್ದಯ್ಯ ಉಳಿ ಹಿಡಿದುಕೊಂಡವನು ಹಾಗೆಯೇ ನಿಂತು ನೋಡುತ್ತಿದ್ದ. ಹತ್ತು ಸಲವೋ ಹನ್ನೆರಡು ಸಲವೋ ಆದ ಮೇಲೆ ಹುಚ್ಚೀರಯ್ಯ ಕತ್ತಿಯನ್ನು ಒರೆಸಿ, ಮಡಚಿ, ಚೀಲಕ್ಕೆ ಹಾಕಿದ. ಆಮೇಲೆ ಕಲ್ಲನ್ನು ಬೋರಲು ಹಾಕಿ, ಎರಡೂ ಕೈಯೂರಿ ಉಜ್ಜತೊಡಗಿದ.

ನಾಲ್ಕು ಬೆಳಿಗ್ಗೆ ಹಿಡಿಯಿತು. ಮೊದಲ ದಿನ ಎರಡು ತುದಿ ಮಾತ್ರ ಸವೆದು ಬಿಳುಪಾಯಿತು. ಆ ಬಿಳುಪು ದಿನದಿಂದ ದಿನಕ್ಕೆ ನಡುವಿನ ಕಡೆಗೆ ಹಬ್ಬಿತು, ನಡುವಿನ ಕಪ್ಪು ಹುಣಸೆ ಬೀಜದಷ್ಟಾಗಿ, ಹೆಸರುಕಾಳಿನಷ್ಟಾಗಿ ಕುಗ್ಗಿತು. ಬೂದಿಬಣ್ಣದ ರಾಡಿ ಚಪ್ಪಡಿಯ ಅಂಚಿನಿಂದ ಇಳಿದು ಬೇವಿನ ಬುಡದಲ್ಲಿ ಒಣಗಿತು. ನಾಲ್ಕನೆಯ ದಿನ ಬಿಸಿಲೇರುವ ಹೊತ್ತಿಗೆ ಆ ಹೆಸರುಕಾಳೂ ಇರಲಿಲ್ಲ. ಕಲ್ಲು ಅರ್ಧಕ್ಕಿಂತ ತೆಳುವಾಗಿತ್ತು. ಕೆಂಪಸಿದ್ದಯ್ಯ ಮಟ್ಟಗೋಲು ಇಟ್ಟು, ಬಗ್ಗಿ ನೋಡಿ, “ಸರ್ಯಾಗದೆ” ಎಂದ.

ಅಲ್ಲಿಯೇ ಕೂತು ಹುಚ್ಚೀರಯ್ಯ ಮಿಷಿನ್ನಿನ ಅಲಗು ಬಿಚ್ಚಿದ. ಒಂದೊಂದನ್ನೂ ಎರಡು ಬೆರಳಿನಿಂದ ಒತ್ತಿ ಹಿಡಿದು ಕಲ್ಲಿನ ಮೇಲೆ ಉದ್ದುದ್ದಕ್ಕೆ ಎಳೆದ. ಬೆರಳು ನಡುಗಿದರೂ ಅಲಗು ಕಲ್ಲಿಗೆ ಅಂಟಿಕೊಂಡೇ ಸರಿಯಿತು. ಉಕ್ಕಿನ ಮುಖದ ಮೇಲೆ ಮೊದಲು ನಡುವೆ ಮಾತ್ರ ಹೊಳಪು ಬಂತು, ಆಮೇಲೆ ಅದು ಅಗಲವಾಗುತ್ತ ಹೋಗಿ ಕೊನೆಯ ಹಲ್ಲಿನ ತನಕ ಮುಟ್ಟಿತು. ಎರಡನ್ನೂ ಮುಖಕ್ಕೆ ಮುಖ ಹೊಂದಿಸಿ ಸೂರ್ಯನ ಕಡೆ ಎತ್ತಿ ಹಿಡಿದ. ಕಪ್ಪಾಗಿತ್ತು, ಈ ತುದಿಯಿಂದ ಆ ತುದಿಗೆ.

ಹಬ್ಬಕ್ಕೆ ಮೂರು ದಿನ ಮುಂಚೆ ರಾಮಲಿಂಗಯ್ಯನವರು ಹೇಳಿದ ಹಾಗೆಯೇ ಬಂದರು. ಹಿಂದೆ ಹತ್ತು ಹನ್ನೆರಡು ಜನ ಬಂದರು, ತಲೆಗೆಂದು ಕೆಲವರು, ನೋಡಲಿಕ್ಕೆಂದು ಕೆಲವರು. ನಿಂಗಯ್ಯ ಎಲ್ಲರಿಗಿಂತ ಮುಂದೆ ಕೂತಿದ್ದ.

“ಗೌಡ್ರೆ, ಅಲ್ಲು ಕಚ್ಕಂಡು ಕುಂತ್ಕಳಿ. ನಂಗೆ ಅನುಭವ ಅದೆ.”

“ನೀನು ಬಾಯ್ ಮುಚ್ಕಂಡು ಕುಂತ್ಕಳ್ಲಾ” ಎಂದು ರಾಮಲಿಂಗಯ್ಯನವರು ಮಣೆಯ ಮೇಲೆ ಕೂತು, ಟವೆಲು ಹೊದ್ದು, ತಲೆ ಬಗ್ಗಿಸಿದರು. ಅವರ ಭುಜ ಬಿಗಿಯಾಗಿತ್ತು.

ಹುಚ್ಚೀರಯ್ಯ ಒಂದು ತೊಟ್ಟು ಎಣ್ಣೆ ಬಿಟ್ಟು, ಗಾಳಿಯಲ್ಲಿ ಮೂರು ಸಲ ಅದುಮಿ, ಕತ್ತಿನ ಬುಡದಿಂದ ಶುರು ಮಾಡಿದ. ಕಿವಿಯ ಹಿಂದಕ್ಕೆ ಬಂದಾಗ ಕೂತವರು ಕತ್ತು ಚಾಚಿ ನೋಡಿದರು. ಸೀಳಿ ಕೂಡಿಕೊಂಡಿದ್ದ ಕಿವಿಯ ತುದಿಯನ್ನು ಎಡಗೈಯಿಂದ ಮೆಲ್ಲಗೆ ಮಡಚಿ ಹಿಡಿದು, ಅದರ ಸುತ್ತ ಮಿಷಿನ್ನನ್ನು ತಿರುಗಿಸಿದ. ಚಿಕ್ ಚಿಕ್ ಎನ್ನುವ ಸದ್ದು ನಿಲ್ಲದೆ ಹೋಯಿತು. ನರೆತ ಕೂದಲು ಟವೆಲಿನ ಮೇಲೆ, ಅಲ್ಲಿಂದ ನೆಲಕ್ಕೆ ಉದುರಿತು. ಆ ಕಿವಿ ಮುಗಿದು ಈ ಕಿವಿಗೆ ಬರುವ ಹೊತ್ತಿಗೆ ರಾಮಲಿಂಗಯ್ಯನವರ ಭುಜ ಇಳಿದಿತ್ತು. ನೆತ್ತಿಗೆ ಬರುವಾಗ ಅವರ ಗದ್ದ ಎದೆಗೆ ತಾಗಿ, ಬಾಯಿ ಸ್ವಲ್ಪ ತೆರೆದಿತ್ತು.

“ನಿದ್ದೆ ಒಡೀತಾ ಅವ್ರೆ” ಎಂದ ನಿಂಗಯ್ಯ ಪಿಸುದನಿಯಲ್ಲಿ. “ಏನ್ ಮದ್ದು ಆಕ್ದೆ ಉಚ್ಚೀರ ಮಿಸಿನ್ಗೆ?”

ಹುಚ್ಚೀರಯ್ಯ ನೆತ್ತಿಯ ಮೇಲೆ ಮಿಷಿನ್ನು ಓಡಿಸುತ್ತಲೇ ಇದ್ದ.

ಆ ದಿನ ಹೊತ್ತು ಇಳಿಯುವ ತನಕ ಸರದಿ ಮುಗಿಯಲಿಲ್ಲ. ಕೊನೆಯವನನ್ನು ಕಳಿಸಿ, ಅಲಗು ಬಿಚ್ಚಿ, ಬೇವಿನ ಕಡ್ಡಿಯಿಂದ ಹಲ್ಲಿನ ಸಂದಿಯೆಲ್ಲ ತಿಕ್ಕಿ, ಎರಡನ್ನೂ ಮಸೆದು ಎತ್ತಿಟ್ಟ. ಚಿಕ್ಕನಂಜಮ್ಮ ಕೂದಲನ್ನೆಲ್ಲ ಗುಡಿಸಿ ಮರದ ಬುಡಕ್ಕೆ ಸೇರಿಸುತ್ತಿದ್ದಳು. ಅವನ ಕೈ ಅಭ್ಯಾಸದಂತೆ ಹಡಪದೊಳಗೆ ಹೋಗಿ ಅಪ್ಪನ ಕತ್ತಿಯನ್ನು ಹೊರಗೆ ತಂದಿತು. ಬಿಡಿಸಿ, ಕಲ್ಲಿನ ಮೇಲಿಟ್ಟ. ಕತ್ತಿಯ ತುದಿ ಅತ್ತಿತ್ತ ಅಲ್ಲಾಡಿ, ಕಲ್ಲಿಗೆ ತಾಗಿ ಕಟಕಟ ಸದ್ದು ಮಾಡಿತು. ಅವನು ಅದನ್ನು ಎತ್ತಿ, ಮಡಚಿ, ಹೆಂಡತಿಯ ಕೈಗೆ ಕೊಟ್ಟ. ಅವಳು ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಚೊಂಬಿನಲ್ಲಿ ಉಳಿದಿದ್ದ ನೀರನ್ನು ಅವನು ಕಲ್ಲಿನ ಮೇಲೆ ಹೊಯ್ದ. ನೀರು ಎಲ್ಲಿಯೂ ನಿಲ್ಲದೆ ನಾಲ್ಕೂ ಅಂಚಿನಿಂದ ಇಳಿದು, ಕೆಳಗೆ ಬಿದ್ದಿದ್ದ ನರೆಗೂದಲನ್ನು ಸ್ವಲ್ಪ ದೂರ ಒಯ್ದು, ಮಣ್ಣಿನಲ್ಲಿ ಇಂಗಿತು.